ಬೀರುವಿನ ಹಿಂದಿನ ಗೋಡೆ

"ಅಲ್ಲಲ್ಲ ಮೇಡಂ... ಇನ್ನೂ ಸ್ವಲ್ಪ ಎಡಕ್ಕೆ. ಸೋರೋದು ಅಲ್ಲಿ!"

ಅಡುಗೆಮನೆಯ ಸಿಂಕಿನ ಕೆಳಗೆ ಅರ್ಧ ಮೈ ತೂರಿಸಿ ಪೈಪು ನೋಡುತ್ತಿದ್ದವಳು ಬೆಚ್ಚಿ ತಲೆ ಎತ್ತಿದಳು. ಸಿಂಕಿನ ತಳ ಠಣ್ ಎಂದಿತು.

"ಅಯ್ಯೋ! ಪೆಟ್ಟಾಯ್ತಾ?"

ನೆತ್ತಿ ಉಜ್ಜಿಕೊಳ್ಳುತ್ತಾ ಹೊರಬಂದಳು. ಎದುರಿಗೆ ಬಾಗಿಲು ತುಂಬುವಷ್ಟು ಎತ್ತರದ ಆಳು. ಮೇಲಕ್ಕೆ ಮಡಚಿದ ಅಂಗಿತೋಳು, ಮೊಣಕೈವರೆಗೂ ಮೈದಾ ಹಿಟ್ಟು. ಆಗಲೇ ಒಂದು ಬಟ್ಟೆಯನ್ನು ತಣ್ಣೀರಿಗೆ ಅದ್ದಿ, ಹಿಂಡಿ, ಅವಳ ಮುಂದೆ ಹಿಡಿದಿದ್ದ.

"ನೀವ್ಯಾರು?" ಬಟ್ಟೆ ತೆಗೆದುಕೊಳ್ಳದೆ ಕೇಳಿದಳು.

"ಈ ಮನೆಯವನೇ. ಮಾರ್ತಿರೋದು ನಾನು, ನಮ್ಮಕ್ಕ. ಬೀದಿ ತುದಿಯ ಬೇಕರಿ ನಂದು. ಬೆಳಗಿನ ಬ್ರೆಡ್ ಇಳಿಸಿ ಹಾಗೇ ಓಡಿ ಬಂದೆ."

ಅವಳ ಹುಬ್ಬು ಗಂಟಾಯಿತು. ಮಾರುವವನು ತಾನೇ ಬಂದು ಸೋರುವ ಜಾಗ ತೋರಿಸುವುದಾ?

ಮನೆ ಕೊಳ್ಳುವವರ ಪರವಾಗಿ ಹೋಗಿ, ತಾರಸಿಯಿಂದ ಪಾಯದವರೆಗೆ ತಪಾಸಣೆ ಮಾಡಿ, ಇದ್ದದ್ದನ್ನು ಇದ್ದಂತೆ ಬರೆದುಕೊಡುವುದು ಅವಳ ಕೆಲಸ. ಸದಾ ಕೈಯಲ್ಲಿ ಟಾರ್ಚ್ ಇರುತ್ತಿದ್ದರಿಂದ ಎಲ್ಲರ ಬಾಯಲ್ಲೂ 'ಟಾರ್ಚ್ ಮೇಡಂ'. ಒದ್ದೆ ಗೋಡೆಗೆ ಚಿತ್ರಪಟ ನೇತುಹಾಕಿದವರನ್ನು ನೋಡಿದ್ದಳು. ನೀರೆತ್ತುವ ಮೋಟಾರಿನ ನರಳಾಟ ಕೇಳದಿರಲೆಂದು ಟಿವಿ ಜೋರಾಗಿಟ್ಟವರನ್ನೂ ನೋಡಿದ್ದಳು. ಇಂಥವನನ್ನು ಮಾತ್ರ ಕಂಡಿರಲಿಲ್ಲ!

'ಏನೋ ಇದೆ...' ಎಂದಿತು ಮನಸ್ಸು.

ಅವನು ನಿಲ್ಲಿಸಲೇ ಇಲ್ಲ. "ಹಿಂದಿನ ಕೋಣೆ ಸ್ವಿಚ್ಚು ಒದ್ದೆ ಕೈಲಿ ಮುಟ್ಟಬೇಡಿ, ಚುರುಕ್ ಅನ್ನುತ್ತೆ. ಬಚ್ಚಲಿನ ಇಳಿಜಾರು ಉಲ್ಟಾ, ನೀರು ಬಾಗಿಲ ಕಡೆಗೇ ಬರುತ್ತೆ. ತಾರಸಿ ಮೇಲೆ ಟ್ಯಾಂಕ್ ಪಕ್ಕ ಸೀಳಿದೆ."

ಜೊತೆಗಿದ್ದ ಬ್ರೋಕರ್ ಮುಖ ಹುಳ್ಳಗಾಯಿತು. "ಸಾರ್, ನೀವು ಮನೆ ಮಾರ್ತಿದ್ದೀರೋ, ಮನೆ ಮೇಲೆ ಚಾಡಿ ಹೇಳ್ತಿದ್ದೀರೋ?"

ಕೊಳ್ಳಲು ಬಂದಿದ್ದ ನರ್ಸ್ ಕಿಲಕಿಲ ನಕ್ಕಳು. ಏಳು ತಿಂಗಳ ಬಸುರಿ. ಗಂಡ ದೂರದ ದಾರಿಯ ಲಾರಿ ಡ್ರೈವರ್. ಮನೆ ಹುಡುಕುವ ಭಾರವೆಲ್ಲ ಇವಳ ಮೇಲೆ. "ಮೇಡಂ, ಮನೆ ಪಾಸೋ ಫೇಲೋ? ಬೇಗ ಹೇಳಿಬಿಡಿ!"

"ಇದು ಪರೀಕ್ಷೆ ಅಲ್ಲಮ್ಮ. ಕಣ್ಣಿಗೆ ಕಂಡಿದ್ದು, ಕೈಗೆ ಸಿಕ್ಕಿದ್ದು ಹೇಳ್ತೀನಿ. ಗೋಡೆ ಒಡೆದು ಒಳಗೆ ನೋಡೋಕೆ ನನಗಾಗಲ್ಲ. ಪೈಪು ಸೋರಿದ ಮಾತ್ರಕ್ಕೆ ಮನೆ ಕೆಟ್ಟದು ಅಂತಲ್ಲ. ರಿಪೇರಿ ಮಾಡಿಸಿಕೊಡಿ ಅನ್ನಬಹುದು, ರೇಟು ಇಳಿಸಿ ಅನ್ನಬಹುದು. ತಗೋಬೇಕಾ ಬೇಡ್ವಾ ಅನ್ನೋದು ಮಾತ್ರ ನೀವೇ ತೀರ್ಮಾನ ಮಾಡಬೇಕು."

ತಾರಸಿಗೆ ಹತ್ತುವಾಗ ಬೇಕರಿಯವನು ಏಣಿ ಹಿಡಿದು ನಿಂತ. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರೂ ಅವಳು ಇಳಿದು ಬರುವವರೆಗೆ ಕೈ ಸಡಿಲಿಸಲಿಲ್ಲ. ಅದು ಅವಳ ಗಮನಕ್ಕೆ ಬಂತು. ಬಂದದ್ದಕ್ಕೆ ತನ್ನ ಮೇಲೆ ತನಗೇ ಸಿಟ್ಟೂ ಬಂತು!

ಕೊನೆಗೆ ಹಿಂದಿನ ಕೋಣೆ. ಅಲ್ಲಿ ಬೇಕರಿಯವನ ಅಕ್ಕ ಕಿಟಕಿ ಒರೆಸುತ್ತಾ ನಿಂತಿದ್ದಳು. ತಲೆಗೂದಲು ಅರ್ಧ ನರೆತ, ಗಟ್ಟಿ ದನಿಯ ಹೆಂಗಸು.

"ತೊಟ್ಟಿಲು ಇಲ್ಲೇ!" ನರ್ಸ್ ಮೂಲೆ ತೋರಿಸಿದಳು. "ಬೆಳಗಿನ ಬಿಸಿಲು ಸೀದಾ ಬೀಳುತ್ತೆ."

ಟಾರ್ಚ್ ಮೇಡಂ ಕಣ್ಣು ತೊಟ್ಟಿಲ ಮೂಲೆಗಲ್ಲ, ಅದರ ಪಕ್ಕದ ಗೋಡೆಗೆ ಹೋಯಿತು. ಗೋಡೆ ತುಂಬ ನಿಂತ ಮರದ ಬೀರು. ನೆಲ ಸಮವಿದೆಯೇ ಎಂದು ರಸಮಟ್ಟ ಇಟ್ಟಳು. ಗುಳ್ಳೆ ನಡುವೆ ನಿಲ್ಲದೆ ಒಂದು ಕಡೆಗೆ ಸರಿಯಿತು. ಕಿಟಕಿಯ ಬಾಗಿಲು ಚೌಕಟ್ಟಿಗೆ ಕೂರುತ್ತಿರಲಿಲ್ಲ. ಕೋಣೆಯ ಹೊಸ್ತಿಲಿಂದ ಬೀರುವಿನವರೆಗೆ ನೆಲದಲ್ಲಿ ಉದ್ದುದ್ದ ಗೀರು... ಹೊಸ ಗೀರು!

"ಈ ಬೀರು ಸ್ವಲ್ಪ ಸರಿಸ್ತೀರಾ?"

ಇಷ್ಟು ಹೊತ್ತು ಪಟಪಟ ಮಾತಾಡುತ್ತಿದ್ದವನು ಮೂಕನಾದ. ಬೀರು ನೋಡಿದ. ಗೀರು ನೋಡಿದ. ಆಮೇಲೆ ಅಕ್ಕನ ಮುಖ ನೋಡಿದ.

"ಅದು ಅಮ್ಮನ ಕಾಲದ್ದು," ಅಕ್ಕ ಕಿಟಕಿಯ ಕಡೆ ತಿರುಗಿ ಹೇಳಿದಳು. "ಒಬ್ಬಿಬ್ಬರ ಕೈಲಿ ಅಲುಗಲ್ಲ."

"ನೀವೇನಂತೀರಿ?" ಅವನನ್ನೇ ಕೇಳಿದಳು.

"ನಾನು... ಅಕ್ಕ ಹೇಳಿದ್ಮೇಲೆ..."

'ಸಿಕ್ಕಿಬಿದ್ದ!'

ಗೆದ್ದ ಖುಷಿಯಾಗಬೇಕಿತ್ತು. ಆದರೆ ಎದೆಯಲ್ಲಿ ಚುಚ್ಚಿದ್ದು ಖುಷಿಯಲ್ಲ.

*

ಸಂಜೆ ತನ್ನ ಪುಟ್ಟ ಆಫೀಸಿನಲ್ಲಿ ಕೂತು ರಿಪೋರ್ಟ್ ಬರೆಯುತ್ತಿದ್ದಳು. 'ಹಿಂದಿನ ಕೋಣೆಯ ಒಂದು ಗೋಡೆಯನ್ನು ನೋಡಲು ಸಾಧ್ಯವಾಗಲಿಲ್ಲ. ನೋಡದೆ ಮುಂದುವರಿಯುವುದು ಸರಿಯಲ್ಲ' ಎಂಬಲ್ಲಿಗೆ ಬಂದಿದ್ದಳು. ಬಾಗಿಲ ಬಳಿ ನೆರಳಾಯಿತು.

ಅವನೇ! ಕೈಯಲ್ಲಿ ಕಾಗದದ ಪೊಟ್ಟಣ. ಬಿಸಿ ಬ್ರೆಡ್ಡಿನ ಘಮ ಕೋಣೆ ತುಂಬಿತು.

"ಅದನ್ನ ಹೊರಗಿಟ್ಟು ಬನ್ನಿ."

"ಬ್ರೆಡ್ ಅಷ್ಟೇ ಮೇಡಂ..."

"ಮಾರೋರ ಕಡೆಯಿಂದ ನಾನು ಒಂದು ಲೋಟ ನೀರೂ ಕುಡಿಯಲ್ಲ."

ಅವನು ಮರುಮಾತಾಡದೆ ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಬಂದ. ಕೂರು ಎಂದು ಅವಳು ಹೇಳಲಿಲ್ಲ, ಅವನೂ ಕೂರಲಿಲ್ಲ.

"ರಿಪೋರ್ಟ್ ಕಳಿಸಿಬಿಟ್ರಾ?"

"ಯಾಕೆ?"

"ಕಳಿಸಬೇಡಿ. ನಾಳೆ ಬೆಳಗ್ಗೆ ಇನ್ನೊಂದ್ಸಲ ಬನ್ನಿ. ಬೀರು ಸರಿಸ್ತೀನಿ."

"ಇವತ್ತು ಅಲುಗದ ಬೀರು ನಾಳೆ ಹೇಗೆ ಅಲುಗುತ್ತೆ?"

ಅವನು ಕೈಗಂಟಿದ್ದ ಹಿಟ್ಟು ಒರೆಸಿಕೊಂಡ.

"ಅದರ ಹಿಂದೆ ಏನು ಬಚ್ಚಿಟ್ಟಿದ್ದೀರಿ?"

"ನಾನು ಬಚ್ಚಿಟ್ಟಿಲ್ಲ."

"ಮತ್ಯಾರು?"

ಅವನು ಬಾಗಿಲ ಕಡೆ ತಿರುಗಿದ.

"ನಿಮ್ಮನ್ನ ನಾನ್ಯಾಕೆ ನಂಬಬೇಕು?" ಅವಳ ದನಿ ಏರಿತು.

"ನಂಬಬೇಡಿ ಮೇಡಂ," ಅವನು ಮೆಲ್ಲಗೆ ಹೇಳಿದ. "ಬಂದು ನೋಡಿ."

ಅಷ್ಟೇ. ಮೆಟ್ಟಿಲಿಳಿದು ಹೊರಟೇಹೋದ.

ಅವಳು ಎರಡೂ ಕೈಯಲ್ಲಿ ತಲೆ ಹಿಡಿದು ಕೂತಳು. ಇಷ್ಟು ಅನುಮಾನ ಯಾಕೆ ಎಂದು ನಿಮಗನ್ನಿಸಬಹುದು. ಕಾರಣವಿತ್ತು. ಹಿಂದೊಮ್ಮೆ ಅವಳಿಗೂ ಮದುವೆ ಗೊತ್ತಾಗಿತ್ತು. ಹುಡುಗ ಮೊದಲ ಭೇಟಿಯಲ್ಲೇ ನಗುನಗುತ್ತಾ ಹೇಳಿದ್ದ: "ನನಗೆ ಮುಂಗೋಪ. ಗೊರಕೆ ಹೊಡೀತೀನಿ. ಸಿಗರೇಟು ಇನ್ನೂ ಬಿಟ್ಟಿಲ್ಲ." ಎಷ್ಟು ಸಾಚಾ ಮನುಷ್ಯ ಎಂದು ಕರಗಿಹೋಗಿದ್ದಳು. ಬೇರೆ ಊರಿನಲ್ಲಿ ಅವನಿಗೊಬ್ಬ ಹೆಂಡತಿ ಇದ್ದಾಳೆಂದು ತಿಳಿದದ್ದು ಮದುವೆಗೆ ಇನ್ನೇನು ಬಟ್ಟೆ ಕೊಳ್ಳಬೇಕು ಎನ್ನುವಾಗ!

ಸಣ್ಣ ತಪ್ಪುಗಳನ್ನು ತಾನಾಗಿ ಒಪ್ಪಿಸುವ ಗಂಡಸೆಂದರೆ ಅಂದಿನಿಂದ ಅವಳಿಗೆ ಮೈಯೆಲ್ಲ ಕಣ್ಣು.

ಫೋನ್ ಬಡಿದುಕೊಂಡಿತು. ನರ್ಸ್.

"ಮೇಡಂ... ತಪ್ಪು ತಿಳ್ಕೋಬೇಡಿ. ನೀವು ಯಾರ ಕಡೆ?"

"ಅಂದ್ರೆ?"

"ಮಾರೋರು ಈಗ ನಿಮ್ಮ ಆಫೀಸಿಗೆ ಬಂದಿದ್ರಂತೆ. ಕೈಲಿ ಏನೋ ಪೊಟ್ಟಣ ಇತ್ತಂತೆ. ಬ್ರೋಕರ್ ನೋಡಿದ್ರಂತೆ. ಅವರು ಬೇರೆ ಯಾರನ್ನೋ ಕಳಿಸ್ತೀನಿ ಅಂತಿದಾರೆ, ಅವರಿಗೆ ಗೊತ್ತಿರೋ ತಪಾಸಣೆಯವರನ್ನ..."

ಅವಳ ಕೆನ್ನೆಗೆ ಬಿಸಿ ಏರಿತು. ಇಷ್ಟು ವರ್ಷ ಬೇರೆಯವರ ಗೋಡೆಗೆ ಹಿಡಿದ ಟಾರ್ಚು ಇವತ್ತು ತಿರುಗಿ ತನ್ನ ಮುಖಕ್ಕೇ ಬಿದ್ದಿತ್ತು.

"ಕೇಳಿದ್ದು ಒಳ್ಳೇದಾಯ್ತು," ದನಿ ನಡುಗದಂತೆ ಹಿಡಿದು ಹೇಳಿದಳು. "ಬಂದಿದ್ರು, ನಿಜ. ಪೊಟ್ಟಣ ನಾನು ಮುಟ್ಟಿಲ್ಲ. ನಾಳೆ ಬೆಳಗ್ಗೆ ನೀವೇ ಬನ್ನಿ, ನನ್ನ ಪಕ್ಕದಲ್ಲೇ ನಿಂತ್ಕೊಳ್ಳಿ. ನಾನು ಎಲ್ಲಿ ನೋಡ್ತೀನೋ ಅಲ್ಲೇ ನೀವೂ ನೋಡಿ. ಆಮೇಲೂ ಅನುಮಾನ ಇದ್ರೆ ಖಂಡಿತ ಬೇರೆಯವರನ್ನ ಕರೆಸಿ. ಆದ್ರೆ ಮನೆ ಮಾರಿಸಿ ಕಮಿಷನ್ ತಗೊಳ್ಳೋರು ಹೇಳಿದವರನ್ನಲ್ಲ. ನೀವೇ ವಿಚಾರಿಸಿ ಹುಡುಕಿದವರನ್ನ."

"ಬರ್ತೀನಿ ಮೇಡಂ," ಎಂದಳು ನರ್ಸ್.

*

ಬೆಳಗ್ಗೆ ಹಿಂದಿನ ಕೋಣೆಯಲ್ಲಿ ಎಲ್ಲರೂ ಸೇರಿದ್ದರು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅಕ್ಕ ಬೀರುವಿಗೆ ಬೆನ್ನು ಒತ್ತಿ ನಿಂತಿದ್ದಳು.

"ಪುಟ್ಟಾ, ಬೇಡ."

ಆರಡಿ ಎತ್ತರದ ಪುಟ್ಟ ಅವಳೆದುರು ನಿಂತ. "ಪಕ್ಕಕ್ಕೆ ಬಾ ಅಕ್ಕಾ."

"ಅಮ್ಮ ಹೋದ್ಮೇಲೆ ನಿನ್ನನ್ನ ಎತ್ತಿ ಆಡಿಸಿದವಳು ನಾನು. ಈಗ ನನ್ನನ್ನೇ ತಳ್ತೀಯಾ?"

"ತಳ್ಳಲ್ಲ. ನೀನಾಗಿ ಬರೋವರೆಗೂ ನಿಂತಿರ್ತೀನಿ." ಅವನ ದನಿ ಒಡೆಯಿತು. "ಈ ಮೂಲೆಗೆ ತೊಟ್ಟಿಲು ಹಾಕ್ತಾರಂತೆ. ನಿನ್ನೆ ನೀನೂ ಕೇಳಿಸ್ಕೊಂಡೆ ತಾನೇ?"

ಅಕ್ಕನ ಕಣ್ಣು ನರ್ಸಿನ ಹೊಟ್ಟೆಯ ಮೇಲೆ ನಿಂತಿತು. ಅವಳು ಪಕ್ಕಕ್ಕೆ ಸರಿದು, ಮಂಚದ ಅಂಚಿಗೆ ಕುಸಿದು ಮುಖ ಮುಚ್ಚಿಕೊಂಡಳು.

ಅವನು ಭುಜ ಕೊಟ್ಟು ನೂಕಿದ. ಬೀರು ಕಿರುಗುಟ್ಟುತ್ತಾ ಸರಿಯಿತು.

"ಅಮ್ಮಾ!" ನರ್ಸ್ ಟಾರ್ಚ್ ಮೇಡಂ ಕೈ ಗಟ್ಟಿಯಾಗಿ ಹಿಡಿದಳು.

ನೆಲದಿಂದ ಸೂರಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿದ ಬಿರುಕು. ಕೆಳಗೆ ಬೆರಳು ತೂರುವಷ್ಟು ಅಗಲ. ಅದರ ಮೇಲೆ ಅವಸರದಲ್ಲಿ ಮೆತ್ತಿದ ಸಿಮೆಂಟೂ ಬಾಯಿ ಬಿಟ್ಟಿತ್ತು. ಬೇಕರಿಯವನು ಆ ಗೋಡೆಯನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಆ ಮುಖ... ಗೊತ್ತಿದ್ದವನ ಮುಖವಲ್ಲ ಅದು!

ಅವಳು ಮಂಡಿಯೂರಿ ಬಿರುಕಿಗೆ ಟಾರ್ಚ್ ಹಿಡಿದಳು. ತೇವ ನೋಡುವ ಮೀಟರ್ ಒತ್ತಿದಳು. ಮುಳ್ಳು ನೆಗೆಯಿತು.

"ಈ ಮೂಲೆ ಕೆಳಗೆ ಇಳೀತಿದೆ," ನರ್ಸಿಗೆ ಬಿಡಿಸಿ ಹೇಳಿದಳು. "ಯಾಕೆ, ಎಷ್ಟು ಆಳ ಅಂತ ನಾನು ಊಹೆ ಮಾಡಿ ಹೇಳಬಾರದು. ಇದಕ್ಕೆ ಸ್ಟ್ರಕ್ಚರಲ್ ಇಂಜಿನಿಯರೇ ಬರಬೇಕು. ಅವರು ನೋಡೋವರೆಗೂ ಯಾವುದಕ್ಕೂ ಸಹಿ ಹಾಕಬೇಡಿ."

ಬ್ರೋಕರ್ ಬರದ ಫೋನನ್ನು ಕಿವಿಗಿಟ್ಟುಕೊಂಡು ಹೊರನಡೆದ.

"ಆ ಬ್ರೋಕರೇ ಹೇಳಿದ್ದು, ಒಂದು ಬೀರು ಇಟ್ಟುಬಿಡಿ ಸಾಕು ಅಂತ," ಅಕ್ಕ ಅಂಗೈಯೊಳಗೆ ಬಿಕ್ಕಿದಳು. "ಮಗಳ ಹತ್ತಿರ ಹೋಗಿರೋ ಆಸೆ ನನಗೆ. ಇಲ್ಲಿ ಮಗು ಮಲಗುತ್ತೆ ಅಂತ ಆಗ ಎಲ್ಲಿ ಗೊತ್ತಿತ್ತು..." ತಟ್ಟನೆ ತಲೆ ಎತ್ತಿ ತಮ್ಮನನ್ನು ನೋಡಿದಳು. "ಆದ್ರೂ ಇಷ್ಟು ಜನರ ಎದುರಿಗೆ! ಇನ್ನು ನನ್ನ ಹತ್ರ ಮಾತಾಡಬೇಡ ನೀನು."

ಅವನು ತಲೆ ತಗ್ಗಿಸಿ ಹೊರಟ. ಟಾರ್ಚ್ ಮೇಡಂ ಪಕ್ಕದಲ್ಲೇ ಹಾದುಹೋದ. ಹಿಟ್ಟಿನ ವಾಸನೆ ಸುಳಿಯಿತು.

'ಕರೆ... ಕರೆದು ಕ್ಷಮಿಸಿ ಅನ್ನು!' ಎಂದಿತು ಮನಸ್ಸು. ನಾಲಿಗೆ ಏಳಲಿಲ್ಲ. ಅವನೂ ತಿರುಗಿ ನೋಡಲಿಲ್ಲ.

*

ಇಂಜಿನಿಯರ್ ಬಂದರು, ಮೂಲೆ ಅಗೆಸಿದರು. ಬಚ್ಚಲಿನ ಪೈಪು ನೆಲದೊಳಗೆ ಒಡೆದು, ನೀರು ದಿನವೂ ಪಾಯದ ಮಣ್ಣನ್ನು ಕೊಚ್ಚುತ್ತಿತ್ತು. ಪೈಪು ಬದಲಾಯಿತು. ಪಾಯಕ್ಕೆ ಕೆಳಗಿನಿಂದ ಕಾಂಕ್ರೀಟ್ ಬಿತ್ತು. ಟಾರ್ಚ್ ಮೇಡಂ ಮತ್ತೊಮ್ಮೆ ಎಲ್ಲ ತಟ್ಟಿ ನೋಡಿದಳು. ರೇಟು ಇಳಿಯಿತು. ನರ್ಸ್ ಅದೇ ಮನೆ ಕೊಂಡಳು, ಆದರೆ ತೊಟ್ಟಿಲನ್ನು ಮಾತ್ರ ಮುಂದಿನ ಕೋಣೆಗೆ ಹಾಕುತ್ತೇನೆಂದು ಹಟ ಹಿಡಿದಳು!

"ಆವತ್ತು ನಿಮ್ಮನ್ನ ಹಾಗೆ ಕೇಳಬಾರದಿತ್ತು ಮೇಡಂ," ಎಂದಳು ಕೈ ಹಿಡಿದು.

"ಕೇಳಲೇಬೇಕು. ಯಾರನ್ನಾದ್ರೂ ಕೇಳಲೇಬೇಕು."

ಆ ದಿನಗಳಲ್ಲಿ ಬೇಕರಿಯವನು ಅಂಗಳದಲ್ಲಿ ಸಿಮೆಂಟ್ ಮೂಟೆ ಹೊರುವುದು ಕಾಣುತ್ತಿತ್ತು. ಅವಳು ಹತ್ತಿರ ಹೋಗಲಿಲ್ಲ. ವ್ಯವಹಾರ ಮುಗಿಯುವವರೆಗೆ ಮಾರುವವರಿಂದ ದೂರವಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ವ್ಯವಹಾರವೂ ಮುಗಿಯಿತು. ಈಗ ಹೇಳಿಕೊಳ್ಳಲು ನೆಪವೂ ಉಳಿಯಲಿಲ್ಲ.

'ಬೀರುವಿನ ವಿಷಯ ಅವನಿಗೆ ಮೊದಲೇ ಗೊತ್ತಿತ್ತಾ? ತಾನು ಒಳ್ಳೆಯವನು ಅನ್ನಿಸಿಕೊಳ್ಳೋಕೆ ಕೊನೇ ಗಳಿಗೆವರೆಗೆ ಕಾದನಾ?' ಅನುಮಾನ ಅರ್ಧ ಸತ್ತಿತ್ತು, ಅರ್ಧ ಇನ್ನೂ ಮಿಸುಕುತ್ತಿತ್ತು. ಬೇಕರಿ ಮುಂದೆ ಹಾದುಹೋಗಬೇಕಾದಾಗ ಎದುರಿನ ಫುಟ್‌ಪಾತಿಗೆ ದಾಟಿಬಿಡುತ್ತಿದ್ದಳು. ಘಮ ಮಾತ್ರ ರಸ್ತೆ ದಾಟಿ ಬರುತ್ತಿತ್ತು...

ಒಂದು ಮಧ್ಯಾಹ್ನ ಆಫೀಸಿನ ಮೆಟ್ಟಿಲಲ್ಲಿ ಏದುಸಿರು ಕೇಳಿಸಿತು. ಬಂದವಳು ಅಕ್ಕ!

"ನನಗೊಂದು ಫ್ಲ್ಯಾಟ್ ನೋಡಿಕೊಡಬೇಕು," ಕುರ್ಚಿಗೆ ದೊಪ್ಪನೆ ಕೂತು ಹೇಳಿದಳು. "ಮಗಳ ಮನೆ ಹತ್ತಿರದ್ದು."

"ನೀವು... ನನ್ನನ್ನಾ?"

"ಮತ್ತೆ? ಗೋಡೆಗೆ ಬೀರು ಅಡ್ಡ ಇಟ್ಟವಳು ನಾನು. ಈಗ ಯಾವ ಮನೆಗೆ ಕಾಲಿಟ್ರೂ ಬೀರು ಹಿಂದೆಯೇ ಕಣ್ಣು ಹೋಗುತ್ತೆ! ಆ ಬ್ರೋಕರ್ ಒಬ್ಬನನ್ನ ಕಳಿಸಿದ್ದ. ಬಂದವನು ಚಹಾ ಕುಡಿದು 'ಎಲ್ಲಾ ಚೆನ್ನಾಗಿದೆ' ಅಂದ. ಓಡಿಸಿದೆ."

ಅವಳಿಗೆ ನಗು ಬಂತು. ನಗುವಿನ ನಡುವೆಯೇ ಕೇಳಿಬಿಟ್ಟಳು, "ತಮ್ಮ... ಮಾತಾಡ್ತಾರಾ ನಿಮ್ಮ ಹತ್ರ?"

"ಅವನು ಯಾವಾಗ ಬಿಟ್ಟಿದ್ದ? ಮುಖ ಊದಿಸಿಕೊಂಡವಳು ನಾನು." ಅಕ್ಕನ ಗಟ್ಟಿ ದನಿ ಮೆತ್ತಗಾಯಿತು. "ನಿನಗೆ ಒಂದು ವಿಷಯ ಹೇಳ್ಬೇಕಮ್ಮ. ಬೀರು ಆ ಕೋಣೆಗೆ ಬಂದದ್ದು ಅವನಿಗೆ ತಿಳಿದದ್ದೇ ನೀನು ಕೇಳಿದಾಗ. ಅವನು ಮಲಗೋದು ಬೇಕರಿ ಮೇಲಿನ ಕೋಣೇಲಿ. ಆವತ್ತು ಸಂಜೆ ನಿನ್ನ ಆಫೀಸಿಂದ ಸೀದಾ ನನ್ನ ಹತ್ರ ಬಂದ. 'ಅಕ್ಕಾ, ನಿನ್ನ ಮಾತು ನಾನೆಲ್ಲೂ ಎತ್ತಿಲ್ಲ. ನಾಳೆ ನೀನೇ ಹೇಳಿಬಿಡು, ನಿನ್ನ ಮರ್ಯಾದೆ ಉಳೀಲಿ' ಅಂತ ಕಾಲು ಹಿಡಿದ. ನಾನು ಕೇಳಲಿಲ್ಲ."

ಟಾರ್ಚ್ ಮೇಡಂ ಕಣ್ಣು ತುಂಬಿತು. ಒಂದು ಮಾತು ಹೇಳಿದ್ದರೆ ಅವನ ಮೇಲಿನ ಅನುಮಾನ ಅಲ್ಲೇ ಹೋಗುತ್ತಿತ್ತು. ಅಕ್ಕನಿಗೋಸ್ಕರ ಆ ಮಾತನ್ನೇ ನುಂಗಿದ್ದ.

"ಈಗೀಗ ಬ್ರೆಡ್ ಸೀಯಿಸ್ತಾನೆ," ಅಕ್ಕ ಏಳುತ್ತಾ ನಿಟ್ಟುಸಿರಿಟ್ಟಳು. "ನಿಮ್ಮ ತಮ್ಮನಿಗೆ ಮೂಗು ಕಟ್ಟಿದೆಯಾ ಅಂತ ಗಿರಾಕಿಗಳು ನನ್ನನ್ನ ಕೇಳ್ತಾರೆ! ಫ್ಲ್ಯಾಟ್ ನೋಡೋಕೆ ಅವನೂ ಬರ್ತಾನೆ. ಏಣಿ ಹಿಡಿಯೋಕೆ ಯಾರಾದ್ರೂ ಬೇಕಲ್ಲ?"

*

ಹೊಸ ಫ್ಲ್ಯಾಟಿನಲ್ಲಿ ಅಕ್ಕ ಎಲ್ಲ ನಲ್ಲಿಗಳನ್ನೂ ಒಟ್ಟಿಗೆ ತಿರುಗಿಸಿ, ಎಲ್ಲ ಸ್ವಿಚ್ಚುಗಳನ್ನೂ ಒತ್ತಿ, ತಾನೇ ಇನ್ಸ್‌ಪೆಕ್ಟರ್ ಆಗಿಬಿಟ್ಟಿದ್ದಳು. ತಾರಸಿಯಲ್ಲಿ ಉಳಿದದ್ದು ಇಬ್ಬರೇ.

ಟ್ಯಾಂಕ್ ನೋಡಿ ಏಣಿ ಇಳಿಯುತ್ತಿದ್ದವಳು ನಡುವೆಯೇ ನಿಂತಳು. ಅವನ ಕಣ್ಣು, ಅವಳ ಕಣ್ಣು ಒಂದೇ ಎತ್ತರದಲ್ಲಿದ್ದವು.

"ಅಕ್ಕ ಎಲ್ಲಾ ಹೇಳಿದ್ರು," ಎಂದಳು.

ಅವನು ಏಣಿಯ ಮರ ನೋಡುತ್ತಾ ನಿಂತ. "ಅಕ್ಕನಿಗೆ ಬಾಯಿ ಜಾಸ್ತಿ."

"ನಿಮಗೆ ಕಡಿಮೆ ಆಯ್ತು! ಯಾಕೆ ಬರಲಿಲ್ಲ ಇಷ್ಟು ದಿನ?"

"ನೀವು ರಸ್ತೆ ದಾಟಿ ಹೋಗ್ತಿದ್ರಿ. ನನ್ನ ಮುಖ ನೋಡೋಕೂ ಇಷ್ಟ ಇಲ್ಲ ಅನ್ಕೊಂಡೆ."

"ಇಷ್ಟ ಇಲ್ಲದೆ ಇದ್ರೆ ಸೀದಾ ಹೋಗ್ತಿದ್ದೆ..." ಅವಳು ಟಾರ್ಚ್ ಆರಿಸಿದಳು. "ನಿಮ್ಮನ್ನ ಕಳ್ಳನ ಹಾಗೆ ನೋಡಿದೆ. ಕ್ಷಮಿಸಿ. ಒಬ್ಬನನ್ನ ಕಣ್ಮುಚ್ಚಿ ನಂಬಿದ್ದೆ, ಅವನು ಮೋಸ ಮಾಡಿದ. ಅದಾದ್ಮೇಲೆ ಯಾರೇ ಒಳ್ಳೆಯವರಾಗಿ ಕಂಡ್ರೂ ಹೆದರಿಕೆ ಆಗುತ್ತೆ. ಇದು ಒಂದೇ ದಿನಕ್ಕೆ ಹೋಗೋದಲ್ಲ. ನಾಳೆ ನೀವು ತಡವಾಗಿ ಬಂದ್ರೆ ಯಾಕೆ ಅಂತ ಕೇಳ್ತೀನಿ. ಸುಮ್ನಿದ್ರೆ ಯಾಕೆ ಸುಮ್ನಿದ್ದೀರಿ ಅಂತ ಕೇಳ್ತೀನಿ. ನನ್ನ ಜೊತೆ ಬಾಳೋದು ಸುಲಭ ಅಲ್ಲ!"

ಹೇಳಿದ ಮೇಲೆ ತುಟಿ ಕಚ್ಚಿಕೊಂಡಳು. ಬಾಳೋದು! ಅವನಿನ್ನೂ ಏನೂ ಕೇಳಿಯೇ ಇರಲಿಲ್ಲ!

ಅವನ ಮುಖ ನಿಧಾನವಾಗಿ ಅರಳಿತು.

"ನಾನು ದಿನಾ ಬೆಳಗ್ಗೆ ಹಿಟ್ಟು ಉಬ್ಬಿದೆಯಾ ಅಂತ ಬೆರಳಿಟ್ಟು ನೋಡೋನು. ಇಷ್ಟು ವರ್ಷ ಆದ್ರೂ ನೋಡದೆ ಒಲೆಗೆ ಹಾಕಲ್ಲ. ನೀವೂ ನೋಡಿ, ಕೇಳಿ. ಎಷ್ಟು ಸಲ ಬೇಕಾದ್ರೂ. ನನಗೇನೂ ಬೇಜಾರಿಲ್ಲ." ಏಣಿ ಹಿಡಿದಿದ್ದ ಕೈ ಸರಿದು ಅವಳ ಬೆರಳುಗಳ ಪಕ್ಕಕ್ಕೆ ಬಂದು ನಿಂತಿತು. "ನೀವಂದ್ರೆ ನನಗೆ ತುಂಬಾ ಇಷ್ಟ. ಸಿಂಕಿನ ಕೆಳಗಿಂದ ಎದ್ದು ನನ್ನ ಮೇಲೆ ಕಣ್ಣು ಕೆಂಪು ಮಾಡಿದಾಗಿಂದ."

ಅವಳು ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಬೆಚ್ಚಗಿತ್ತು.

"ಪುಟ್ಟಾ!" ಕೆಳಗಿನಿಂದ ಅಕ್ಕನ ಕೂಗು. "ಬಚ್ಚಲಲ್ಲಿ ನೀರು ನಿಲ್ತಿದೆ ಕಣೋ! ಮೇಡಂನ ಬೇಗ ಕಳಿಸು!"

"ಏನಂತ ಹೇಳ್ಲಿ?" ಅವನು ಪಿಸುಗುಟ್ಟಿದ.

"ಐದು ನಿಮಿಷ ಅಂತ ಹೇಳು."

ಅವನು ತಟ್ಟನೆ ಕಣ್ಣರಳಿಸಿದ. ಹೇಳಿ ಅಲ್ಲ... ಹೇಳು!

"ಅಕ್ಕಾ, ಐದು ನಿಮಿಷ!" ಎಂದು ಕೂಗಿ, ಅವಳ ಕಡೆ ತಿರುಗಿದ. "ಇನ್ನೊಂದ್ಸಲ ಹೇಳು."

"ಏನನ್ನ?"

"ಅದನ್ನೇ."

ಅವಳು ನಗುತ್ತಾ ಕೊನೆಯ ಮೆಟ್ಟಿಲು ಇಳಿದಳು. "ಮೊದಲು ಕೈ ಬಿಡು, ಹೇಳ್ತೀನಿ."

"ಹಾಗಾದ್ರೆ ಹೇಳೋದೇ ಬೇಡ," ಎಂದ ಅವನು. ಕೈ ಬಿಡಲಿಲ್ಲ.